ಒಂದೂ ತೂತಿಲ್ಲದ ಬಾನೆಟ್ಟು

ತಪ್ಪೆಲ್ಲ ಆ ಏಳನೇ ಕಲಮಿನದು.

ಹಳೇ ಗಾಡಿಗಳ ಮೇಳದವರು ಕೊಟ್ಟಿದ್ದ ಅರ್ಜಿಯಲ್ಲಿ ಹದಿನೆಂಟು ಕಲಮುಗಳಿದ್ದವು. ಹಿಂಬದಿಯಲ್ಲಿ ಇರುವೆ ಸಾಲು ಬಿಟ್ಟ ಹಾಗೆ ಸಣ್ಣಕ್ಷರದ ನಿಯಮಗಳು. ಅದನ್ನು ಯಾರೂ ಓದುವುದಿಲ್ಲ, ತಗಡಿನ ಮೇಸ್ತ್ರಿಯೂ ಓದಲಿಲ್ಲ. ಮುಂಬದಿಯಲ್ಲಿ ಹದಿನೇಳನ್ನು ತಾನೇ ತುಂಬಿದ್ದ. ಏಳನೆಯದು ಮಾತ್ರ ಖಾಲಿ ಉಳಿದಿತ್ತು: 'ಬಾನೆಟ್ಟನ್ನು ಭದ್ರಪಡಿಸಿರುವ ವಿಧಾನ.' ಅದು ಗುಟ್ಟು. ಗುಟ್ಟನ್ನು ಬಿಡದೆ ಕಲಮನ್ನು ತುಂಬುವುದು ಹೇಗೆ? ಎದುರು ಅಂಗಡಿಯ ಟ್ರಂಕಣ್ಣನ ಅಕ್ಷರ ದುಂಡಗಿದೆ, ಅವನು ಬರೆದರೆ ಗುಟ್ಟೂ ಗೌರವವಾಗಿ ಕಾಣುತ್ತದೆ ಅಂದುಕೊಂಡು, ಬೆಳಗ್ಗೆ ಏಳು ಗಂಟೆಗೆ ಅವನನ್ನು ಷೆಡ್ಡಿಗೆ ಕರೆದು ಅರ್ಜಿ ಕೈಗಿತ್ತ.

"ಏಳಕ್ಕೆ ಏನು ಬರೀಲಿ?" ಅಂದ ಟ್ರಂಕಣ್ಣ.

"'ಇದೆ' ಅಂತ ಬರಿ."

"ಏನಿದೆ?"

"ಚಿಲಕ."

"ಎಲ್ಲಿದೆ?"

"ಒಳಗಿದೆ."

ಟ್ರಂಕಣ್ಣ 'ಇದೆ' ಅಂತ ದುಂಡಗೆ ಬರೆದ. ಆಮೇಲೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದ. ಮೂವತ್ತು ವರ್ಷದಿಂದ ಕಬ್ಬಿಣದ ಟ್ರಂಕು ಮಾಡುತ್ತ ಬಂದ ಮನುಷ್ಯ. ಮುಚ್ಚಳ ಅಂತ ಕಂಡರೆ ಕೊಂಡಿ ಎಲ್ಲಿ ಅಂತ ಹುಡುಕುವ ಕಣ್ಣು ಅವನದು. ಅಂಥ ಕಣ್ಣಿಗೆ ಈ ಏಳನೇ ಕಲಮನ್ನು ತೋರಿಸಿದ್ದು, ಬೆಕ್ಕಿಗೆ ಹಾಲಿನ ಪಾತ್ರೆ ಯಾವ ಕಪಾಟಿನಲ್ಲಿದೆ ಅಂತ ಹೇಳಿದ ಹಾಗಾಯಿತು.

ಇಲ್ಲಿ ಮೇಸ್ತ್ರಿಯ ಬಗ್ಗೆ ಎರಡು ಮಾತು ಹೇಳಬೇಕು. ತಗಡು ಬಡಿಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಬಕೆಟ್ಟು, ಡಬ್ಬ, ಎಣ್ಣೆ ಸುರಿಯುವ ಆಲಿಕೆ, ಗಿಡಕ್ಕೆ ನೀರು ಹಾಕುವ ಕ್ಯಾನು, ಹೊಗೆ ಕೊಳವೆ. ಮೂವತ್ತೆರಡು ವರ್ಷದಲ್ಲಿ ಅವನ ಕೈಯಿಂದ ಹೋದವುಗಳಲ್ಲಿ ಒಂದೂ ಸೋರಿದ ದಾಖಲೆ ಇಲ್ಲ. ಆದರೆ ಬಕೆಟ್ಟಿನ ಮುಂದೆ ನಿಂತು ಯಾರಾದರೂ 'ಆಹಾ' ಅಂದದ್ದುಂಟೇ? ಸೋರಿದರೆ ಬೈಯುತ್ತಾರೆ, ಸೋರದಿದ್ದರೆ ಮರೆಯುತ್ತಾರೆ. ಹೀಗೆ ಮೂವತ್ತೆರಡು ವರ್ಷ ಯಾರೂ ತಿರುಗಿ ನೋಡದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ ಮೇಲೆ ಮೇಸ್ತ್ರಿಗೆ ಒಂದು ಆಸೆ ಹುಟ್ಟಿತು. ಒಂದೇ ಒಂದು ಸಲ, ತಾನು ಮಾಡಿದ್ದನ್ನು ಜನ ನಿಂತು ನೋಡಬೇಕು.

ಅವನ ಹೆಂಡತಿಯ ತಮ್ಮ ಮೆಕ್ಯಾನಿಕ್. ಅಜ್ಜಂದಿರ ಕಾಲದ ಒಂದು ಕಾರನ್ನು ಗುಜರಿಯಿಂದ ಎಳೆದು ತಂದು, ಮಡ್‌ಗಾರ್ಡು ಕಿತ್ತು, ತಲೆಮೇಲಿನ ಮಾಡು ಕತ್ತರಿಸಿ, ಚಿಕ್ಕ ಲಾರಿಯೊಂದರ ಇಂಜಿನ್ನನ್ನು ಅದರ ಹೊಟ್ಟೆಗೆ ತುರುಕಿದ್ದ. ಇಂಥ ಗಾಡಿಗೆ ಹಾಟ್ ರಾಡ್ ಅನ್ನುತ್ತಾರಂತೆ: ಮೈ ಮುದುಕನದು, ಉಸಿರು ಹುಡುಗನದು. ಇಂಜಿನ್ನು ದೊಡ್ಡದಾಗಿ ಹಳೇ ಬಾನೆಟ್ಟು ಮುಚ್ಚದೆ ಹೋಯಿತು. "ಭಾವ, ಒಂದು ಮುಚ್ಚಳ ಮಾಡಿಕೊಡಿ" ಅಂದ.

ಮುಚ್ಚಳ. ಆ ಮಾತಿಗೇ ಮೇಸ್ತ್ರಿ ಎರಡು ದಿನ ಅವನ ಹತ್ತಿರ ಮಾತು ಬಿಟ್ಟಿದ್ದ. ಆಮೇಲೆ ಹನ್ನೊಂದು ತಿಂಗಳು ಕೂತು, ಒಂದೇ ಅಲ್ಯೂಮಿನಿಯಂ ತಗಡಿನಿಂದ, ಜೋಡಣೆ ಇಲ್ಲದೆ, ಬೆಸುಗೆ ಇಲ್ಲದೆ, ಮರದ ಸುತ್ತಿಗೆಯಲ್ಲೇ ಬಡಿದು ಬಾನೆಟ್ಟು ಎಬ್ಬಿಸಿದ. ಗಾಜಿನ ಹತ್ತಿರ ಎರಡು ಕೀಲು, ಅವೂ ತಗಡಿನ ಅಂಚು ಮಡಚಿ ಕೂರಿಸಿದ ಒಳಮೈಯ ಚೌಕಟ್ಟಿಗೆ ಹಿಡಿದಂಥವು. ಅಲ್ಲಿಂದ ಮುಂದಕ್ಕೆ ಪಾರಿವಾಳದ ಎದೆಯ ಹಾಗೆ ಉಬ್ಬಿ, ನುಣ್ಣಗೆ ಇಳಿದು ಬರುವ ಮೈ. ಬಣ್ಣ ಬಳಿಯಲಿಲ್ಲ. "ಬಣ್ಣ ಬಳಿಯೋದು ತಪ್ಪು ಮುಚ್ಚೋಕೆ. ಮುಚ್ಚೋಕೆ ಇದರಲ್ಲಿ ತಪ್ಪೆಲ್ಲಿದೆ?" ಅಂತ ಕನ್ನಡಿಯ ಹಾಗೆ ಉಜ್ಜಿ ಬಿಟ್ಟ. ಟ್ರಂಕಣ್ಣ ದಿನಾ ಬೆಳಗ್ಗೆ ಅದರಲ್ಲೇ ಮೀಸೆ ತಿದ್ದಿಕೊಳ್ಳುತ್ತಿದ್ದ.

ಮೇಳದಲ್ಲಿ ಕೈಕೆಲಸಕ್ಕೆ ಅಂತಲೇ ಒಂದು ಬಹುಮಾನವಿತ್ತು. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಮೈದಾನದಲ್ಲಿ ಮೂರು ಸುತ್ತು ಓಡಿಸಬೇಕು. ಬಾನೆಟ್ಟು ಅಲುಗಬಾರದು. ಆಮೇಲೆ ತೆರೆದು ತೋರಿಸಬೇಕು. ಅಷ್ಟೇ.

"ಮೇಸ್ತ್ರಿ," ಅಂದ ಟ್ರಂಕಣ್ಣ ಸುತ್ತು ಮುಗಿಸಿ, "ಹೊರಗೆ ಏನೂ ಕಾಣ್ತಾ ಇಲ್ಲ."

"ಕಾಣಬಾರದು ಅಂತಲೇ ಮಾಡಿರೋದು."

ಗುಟ್ಟು ಇಷ್ಟು: ಬಾನೆಟ್ಟಿನ ಮೂತಿಯ ಒಳಗಡೆ ಒಂದು ಸ್ಪ್ರಿಂಗಿನ ಕೊಕ್ಕೆ. ಅದಕ್ಕೆ ಸೈಕಲ್ಲಿನ ಬ್ರೇಕ್ ವಯರು. ವಯರಿನ ಇನ್ನೊಂದು ತುದಿ ಸ್ಟಿಯರಿಂಗಿನ ಕೆಳಗೆ, ಹಳೇ ಮೇಜಿನ ಡ್ರಾಯರಿನಿಂದ ಕಿತ್ತ ಒಂದು ಗುಂಡಿಗೆ. ಎಳೆದರೆ ಟಕ್ ಅಂತ ತೆರೆಯಬೇಕು. ಯಾರಾದರೂ ಎದುರಿದ್ದರೆ ಮೇಸ್ತ್ರಿ ಅವರನ್ನು ಗೋಡೆಯ ಕಡೆ ತಿರುಗಿ ನಿಲ್ಲಿಸಿ ಆಮೇಲೆ ತೆರೆಯುತ್ತಿದ್ದ.

"ನೋಡು, ನಾನು ಎರಡು ಟ್ರಂಕಿನ ಕೊಂಡಿ ಹಾಕಿಕೊಡ್ತೀನಿ," ಅಂದ ಟ್ರಂಕಣ್ಣ. "ಆ ಪಕ್ಕ ಒಂದು, ಈ ಪಕ್ಕ ಒಂದು. ಎಳೆದು ಒತ್ತಿದರೆ ಕಚ್ಚಿಕೊಂಡು ಕೂತಿರುತ್ತೆ. ಒಂದೊಂದು ಕೊಂಡಿಗೆ ನಾಲ್ಕೇ ತೂತು."

"ನಾಲ್ಕೇ," ಅಂದ ಮೇಸ್ತ್ರಿ. "ನಿನ್ನ ಮೂಗಿಗೆ ಎರಡೇ ಎರಡು ತೂತು ಜಾಸ್ತಿ ಕೊರೀಲಾ?"

ಟ್ರಂಕಣ್ಣ ಮೂಗು ಮುಟ್ಟಿಕೊಂಡು ಹೋದ. ಹೋದವನು ಸುಮ್ಮನೆ ಹೋಗಲಿಲ್ಲ, ಬೀದಿಗೆಲ್ಲ ಹೇಳಿಕೊಂಡು ಹೋದ.

ಅರ್ಧ ಗಂಟೆಯೊಳಗೆ ಸೀಟಕ್ಕ ಬಂದಳು. ಬೀದಿಯ ಕೊನೆಯಲ್ಲಿ ಗಾಡಿಗಳಿಗೆ ಸೀಟು ಹೊಲಿಯುವವಳು. ಈ ಗಾಡಿಯ ಕಂದು ಸೀಟೂ ಅವಳದೇ ಹೊಲಿಗೆ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಹಾಗಾಗಿ ಎಲ್ಲರಿಗೂ ಅಕ್ಕ. ಕೈಯಲ್ಲಿ ಎರಡು ಬೆರಳಗಲದ ಚರ್ಮದ ಪಟ್ಟಿ, ಹಿತ್ತಾಳೆಯ ಬಕಲ್ಲು.

"ತಮ್ಮಾ, ಬಾನೆಟ್ಟಿಗೆ ಚಿಲಕ ಇಲ್ಲವಂತೆ."

"ಇದೆ ಅಕ್ಕಾ."

"ಇರಲಿ. ಇದನ್ನು ಮೇಲಿಂದ ಸುತ್ತಿ ಬಿಗೀತೀನಿ. ಹಿಂದಿನ ಕಾಲದ ರೇಸ್ ಗಾಡಿಗೆಲ್ಲ ಹೀಗೇ ಕಟ್ಟೋರು. ತೂತೂ ಬೇಡ ಏನೂ ಬೇಡ."

"ಬೇಡ ಅಕ್ಕಾ. ಹೊಟ್ಟೆ ಆಪರೇಷನ್ ಆಗಿ ಮನೆಗೆ ಬಂದವರ ಥರ ಕಾಣುತ್ತೆ."

"ಹೊಟ್ಟೆ ಬಿಚ್ಚಿಕೊಳ್ಳೋದಕ್ಕಿಂತ ಕಟ್ಟಿಕೊಳ್ಳೋದು ವಾಸಿ ಅಲ್ಲವೇನೋ," ಅಂದಳು ಸೀಟಕ್ಕ. ಆದರೆ ಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೆಕ್ಯಾನಿಕ್ ಭಾವಮೈದ ಬಂದದ್ದು ಮೂರನೆಯವನಾಗಿ. ಅವನಿಗೆ ಅವಮಾನವಾಗಿತ್ತು. ಗಾಡಿಯ ಅರ್ಧ ಅವನದು. ಚಿಲಕದ ವಿಷಯ ಮಾತ್ರ ಚಹಾದಂಗಡಿಯಲ್ಲಿ ಟ್ರಂಕಣ್ಣನ ಬಾಯಿಂದ ಕೇಳಬೇಕಾಯಿತು.

"ಭಾವ, ಪಿನ್ನು ಹಾಕೋಣ. ಕೆಳಗಿಂದ ಎರಡು ಕಡ್ಡಿ ಎದ್ದು ಬಾನೆಟ್ಟಿಂದ ಹೊರಗೆ ಬರುತ್ತೆ, ಅದಕ್ಕೊಂದೊಂದು ಕ್ಲಿಪ್ಪು. ರೇಸಿನವರೆಲ್ಲ ಅದನ್ನೇ ಹಾಕೋದು."

"ಹೊರಗೆ ಬರುತ್ತೆ ಅಂದರೆ ಎಲ್ಲಿಂದ ಬರುತ್ತೆ?"

"ಎರಡು ತೂತು..."

"ನಿಮ್ಮಕ್ಕನ ಮುಖ ನೋಡಿ ಸುಮ್ಮನಿದೀನಿ."

"ಸರಿ, ಆಯಸ್ಕಾಂತ?"

"ಅಲ್ಯೂಮಿನಿಯಂಗೆ ಆಯಸ್ಕಾಂತ ಅಂಟಲ್ಲ ಅಂತ ಮೆಕ್ಯಾನಿಕ್ಕಿಗೆ ನಾನು ಹೇಳಿಕೊಡಬೇಕಾ?"

ಭಾವಮೈದ ಕಿವಿ ತುರಿಸಿಕೊಂಡ. "ಹಾಗಾದರೆ ಒಂದು ಸಲ ಬೀದಿ ಕೊನೆ ತನಕ ಓಡಿಸಿ ನೋಡಿಬಿಡಿ ಭಾವ. ಎಲ್ಲರ ಬಾಯೂ ಮುಚ್ಚುತ್ತೆ."

ಇದು ನ್ಯಾಯವಾದ ಮಾತು. ಮೇಸ್ತ್ರಿ ಕೂತು ಸ್ಟಾರ್ಟ್ ಮಾಡಿದ. ಲಾರಿ ಇಂಜಿನ್ನು ಗುಡುಗಿದ ಸದ್ದಿಗೆ ಕಿಟಕಿಗಳಲ್ಲಿ ಮುಖಗಳು ಮೂಡಿದವು. ಗಾಡಿ ಹೊರಟಿತು. ಬಾನೆಟ್ಟಿನ ಮೇಲೆ ಇಡೀ ಬೀದಿ ತಲೆಕೆಳಗಾಗಿ ಹರಿಯಿತು: ಮನೆಗಳು, ತಂತಿಗಳು, ಕಿಟಕಿಯ ಮುಖಗಳು. ಮೇಸ್ತ್ರಿಗೆ ತಾನೇ ಬೀದಿಯನ್ನು ಹೊತ್ತುಕೊಂಡು ಹೋಗುತ್ತಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ಶಾಲೆಯ ಮುಂದಿನ ಉಬ್ಬು ಬಂತು.

ಟಕ್.

ಮೂತಿ ಎರಡು ಬೆರಳು ಮೇಲೆದ್ದು, ಹಲ್ಲಿಲ್ಲದ ಅಜ್ಜಿ ನಕ್ಕ ಹಾಗೆ ಬಾಯಿ ತೆರೆದು ನಿಂತಿತು.

ಮೇಸ್ತ್ರಿ ಗಾಡಿ ನಿಲ್ಲಿಸಿ, ಇಳಿದು, ಬಾನೆಟ್ಟನ್ನು ಮೆಲ್ಲನೆ ಒತ್ತಿ ಕೂರಿಸಿದ. ಹಿಂದೆ ಇಡೀ ಬೀದಿ ಬಾಯಿ ಮುಚ್ಚಿಕೊಂಡು ನೋಡುತ್ತಿತ್ತು.

"ಗಾಳಿ ಆಡಲಿ ಅಂತ," ಅಂದ. "ಅದಕ್ಕೇ ಹಾಗೆ ಇಟ್ಟಿರೋದು."

ಎಲ್ಲರೂ ಹೌದು ಹೌದು ಅಂತ ತಲೆಯಾಡಿಸಿದರು. ಅದೇ ಹೆಚ್ಚು ಉರಿಯಿತು.

ಷೆಡ್ಡಿಗೆ ಬಂದು, ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿ, ಕೊಕ್ಕೆಯನ್ನು ಇಕ್ಕಳದಿಂದ ಇನ್ನಷ್ಟು ಬಗ್ಗಿಸಿದ. ಬಾನೆಟ್ಟು ಮುಚ್ಚಿದ. ಎಳೆದು ನೋಡಿದ, ಜಗ್ಗಿ ನೋಡಿದ. ಗಟ್ಟಿ. "ಇನ್ನು ಇದನ್ನು ತೆಗೆಯೋದು ತೀರ್ಪುಗಾರರ ಎದುರಿಗೇ," ಅಂತ ಘೋಷಿಸಿದ.

ವಿಚಿತ್ರವೆಂದರೆ ಆಮೇಲೆ ಯಾರೂ ವಾದಿಸಲಿಲ್ಲ. ಬೆಳಗಿನಿಂದ ಕಿವಿಯ ಹತ್ತಿರ ಗುಂಯ್‌ಗುಟ್ಟಿದ ಜನ ಒಮ್ಮೆಲೇ ಸಕ್ಕರೆಯಾದರು.

"ಭಾವ, ನೀವು ಸ್ನಾನ ಮಾಡಿ ಬನ್ನಿ. ಆಯಿಲ್ ಏನಾದರೂ ಸೋರ್ತಾ ಇದೆಯಾ, ಕೆಳಗೆ ಮಲಗಿ ನೋಡಿರ್ತೀನಿ," ಅಂದ ಭಾವಮೈದ.

ಮೇಸ್ತ್ರಿ ಸ್ನಾನ ಮಾಡಿ ಬರುವಾಗ ಭಾವಮೈದ ಗಾಡಿಯ ಅಡಿಯಿಂದ ತೆವಳಿ ಬಂದು, "ಒಂದು ತೊಟ್ಟೂ ಇಲ್ಲ," ಅಂದು ಸಿಳ್ಳೆ ಹಾಕುತ್ತಾ ಹೋದ.

"ಮೇಸ್ತ್ರಿ, ನೀನು ತಿಂಡಿ ತಿನ್ನು. ಬೀದಿ ನಾಯಿ ಬಂದು ಟಯರಿಗೆ ಕಾಲೆತ್ತೀತು, ನಾನು ನೋಡ್ಕೋತೀನಿ," ಅಂದ ಟ್ರಂಕಣ್ಣ.

"ತಮ್ಮಾ, ಸೀಟಿನಡಿ ಒಂದು ಹೊಲಿಗೆ ಬಿಟ್ಟಿದೆ. ನೀನು ಬಟ್ಟೆ ಇಸ್ತ್ರಿ ಮಾಡ್ಕೋ ಹೋಗು, ಅಷ್ಟರಲ್ಲಿ ಹಾಕಿಬಿಡ್ತೀನಿ," ಅಂದಳು ಸೀಟಕ್ಕ.

ಸೀಟಿನಡಿಯ ಹೊಲಿಗೆಗೆ ಸೀಟಕ್ಕ ರೇಡಿಯೇಟರಿನ ಹತ್ತಿರ ಮೊಣಕಾಲೂರಿ ಕೂತಿದ್ದು ಯಾಕೆ ಅಂತ ಮೇಸ್ತ್ರಿ ಕೇಳಬಹುದಾಗಿತ್ತು. ಕೇಳಲಿಲ್ಲ. ಲೋಕ ಕೊನೆಗೂ ತನ್ನ ಮಾತಿಗೆ ಬಂತು ಅಂತ ಅವನ ಮನಸ್ಸು ತುಂಬಿತ್ತು. ಒಪ್ಪಿಕೊಂಡವರನ್ನು ಕೆದಕುವುದು ದೊಡ್ಡತನವಲ್ಲ.

ಇಷ್ಟೆಲ್ಲದರಲ್ಲಿ ಒಂದು ಮಾತನ್ನೂ ಆಡದವಳು ಅವನ ಹೆಂಡತಿ. ಹನ್ನೊಂದು ತಿಂಗಳು ಮರದ ಸುತ್ತಿಗೆಯ ಸದ್ದು ಕೇಳಿಕೊಂಡು ಅಡಿಗೆ ಮಾಡಿದವಳು. ಊಟಕ್ಕೆ ಬಡಿಸಿ, "ರೀ, ಹತ್ತು ನಿಮಿಷ ಅಡ್ಡಾಗಿ. ಮುಖ ಬಾಡಿಹೋಗಿದೆ. ನಾನು ಗಾಡಿ ಒರೆಸಿರ್ತೀನಿ," ಅಂದಳು.

ಎದ್ದು ಬಂದಾಗ ಅವಳು ಸೋಪು ಹಾಕಿ ಕೈ ತೊಳೆಯುತ್ತಿದ್ದಳು.

"ಕೈಯೆಲ್ಲ ಯಾಕೆ ಕಪ್ಪು?"

"ಬಾಣಲೆ ಉಜ್ಜಿದೆ."

ಹಿತ್ತಲಲ್ಲಿ ಒದ್ದೆ ಬಟ್ಟೆಗಳೆಲ್ಲ ಕಾಂಪೌಂಡು ಗೋಡೆಯ ಮೇಲೆ ಹರವಿದ್ದವು. ಇವತ್ತು ಗೋಡೆಯ ಮೇಲೆ ಯಾಕೆ ಒಣಗಿಸಿದಳು ಅಂತ ಒಂದು ಕ್ಷಣ ಅನ್ನಿಸಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುವ ಹೊತ್ತಿಗೆ ಅದೂ ಮರೆತುಹೋಯಿತು.

ಮೈದಾನದಲ್ಲಿ ಮೂವತ್ತು ಗಾಡಿಗಳು ಸಾಲಾಗಿ ನಿಂತಿದ್ದವು. ಮೇಸ್ತ್ರಿ ಗಾಡಿ ನಿಲ್ಲಿಸುವುದರೊಳಗೆ ನಾಲ್ಕು ಜನ ಸೇರಿದರು, ಇಳಿಯುವ ಹೊತ್ತಿಗೆ ಹತ್ತು. ಒಬ್ಬರು ಟೋಪಿ ತೆಗೆದರು. ಇನ್ನೊಬ್ಬರು ಬಾನೆಟ್ಟಿನ ಮೇಲೆ ಬಗ್ಗಿ, "ಬೆಸುಗೆ ಎಲ್ಲಿದೆ?" ಅಂದರು.

"ಇಲ್ಲ," ಅಂದ ಮೇಸ್ತ್ರಿ.

"ಆಹಾ," ಅಂದರು ಅವರು.

ಮೂವತ್ತೆರಡು ವರ್ಷ ಕಾದಿದ್ದ ಶಬ್ದ. ಮೇಸ್ತ್ರಿ ಒರೆಸಿದ್ದ ಬಾನೆಟ್ಟನ್ನೇ ಅಂಗಿಯ ತೋಳಿನಿಂದ ಇನ್ನೊಮ್ಮೆ ಒರೆಸಿದ. ಮುಖ ತೋರಿಸಲಾರದೆ ಪಕ್ಕದ ಗಾಡಿ ನೋಡುವ ನೆಪದಲ್ಲಿ ಆ ಕಡೆ ತಿರುಗಿದ. ಅದೊಂದು ಕೆಂಪು ಗಾಡಿ. ಅದರ ಬಾಗಿಲಿನ ನಟ್ಟನಡುವೆ ಅಂಗೈಯಗಲದ ಒಂದು ಹಿತ್ತಾಳೆ ಫಲಕ, ನಾಲ್ಕು ಮೂಲೆಗೆ ನಾಲ್ಕು ರಿವೆಟ್ಟು. ಮೇಸ್ತ್ರಿ ನಾಲಿಗೆ ಲೊಚಗುಟ್ಟಿದ. ಇಷ್ಟು ಒಳ್ಳೇ ಬಾಗಿಲಿಗೆ ತೂತು ಕೊರೆದ ಆ ಪಾಪಿ ಯಾರೋ.

ಮೇಳದ ಅಧ್ಯಕ್ಷರು ದುಂಡನೆಯ, ನಗುಮುಖದ ಮನುಷ್ಯ. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು, ಮಗುವನ್ನು ಎತ್ತಿಕೊಂಡವರ ಹಾಗೆ ಓಡಾಡುತ್ತಿದ್ದರು. ತೀರ್ಪುಗಾರರು ಒಬ್ಬ ನರೆಗೂದಲಿನ ಹೆಂಗಸು. ಇಂಜಿನಿಯರಾಗಿ ನಿವೃತ್ತರಾದವರು. ಕೈಯಲ್ಲಿ ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ, ಒಂದು ಟಾರ್ಚು, ಮುಖದಲ್ಲಿ ಯಾವುದನ್ನೂ ಸುಲಭಕ್ಕೆ ನಂಬದ ಕಳೆ.

"ಓಡಿಸಿ," ಅಂದರು.

ಮೇಸ್ತ್ರಿ ಓಡಿಸಿದ. ಮೊದಲ ಸುತ್ತು ನಿಧಾನ. ಎರಡನೇ ಸುತ್ತಿನಲ್ಲಿ ಚರಂಡಿ ದಾಟುವ ಜಾಗದಲ್ಲಿ ಗಾಡಿ ಆಡಿನ ಮರಿಯ ಹಾಗೆ ನೆಗೆಯಿತು. ಮೇಸ್ತ್ರಿ ಉಸಿರು ಹಿಡಿದ. ಬಾನೆಟ್ಟು ಕೂದಲೆಳೆಯಷ್ಟೂ ಅಲುಗಲಿಲ್ಲ. ಮೂರನೇ ಸುತ್ತಿಗೆ ಅವನಿಗೆ ಕೊಬ್ಬು ಬಂತು. ಚರಂಡಿ ಜಾಗಕ್ಕೆ ಬೇಕೆಂದೇ ಇನ್ನಷ್ಟು ಜೋರಾಗಿ ಬಿಟ್ಟ. ಬಾನೆಟ್ಟು ಬೆಟ್ಟದ ಬಂಡೆಯ ಹಾಗೆ ಕೂತಿತ್ತು. ಬೇಲಿಯ ಹತ್ತಿರ ಟ್ರಂಕಣ್ಣ, ಸೀಟಕ್ಕ, ಭಾವಮೈದ ಮೂವರೂ ಎದೆ ಉಬ್ಬಿಸಿ ನಿಂತಿದ್ದರು. ತನ್ನ ಗೆಲುವಿಗೆ ಅವರಿಗೆ ಇಷ್ಟು ಹೆಮ್ಮೆಯೇ ಅಂತ ಮೇಸ್ತ್ರಿಯ ಮನಸ್ಸು ಕರಗಿತು.

"ತೆಗೆಯಿರಿ," ಅಂದರು ತೀರ್ಪುಗಾರರು.

ಮೇಸ್ತ್ರಿ ಒಳಗೆ ಕೂತೇ, ಪವಾಡ ತೋರಿಸುವವನ ಗತ್ತಿನಲ್ಲಿ ಗುಂಡಿಯನ್ನು ಎಳೆದ.

ಏನೂ ಆಗಲಿಲ್ಲ. ಮತ್ತೆ ಎಳೆದ. ಗುಂಡಿ, ಅದರ ಹಿಂದೆ ಒಂದು ಮೊಳ ಬ್ರೇಕ್ ವಯರು, ಎರಡೂ ಕೈಗೆ ಬಂದವು. ಮೇಸ್ತ್ರಿ ಅದನ್ನು ಬಾಲದ ಸಮೇತ ಸಿಕ್ಕ ಇಲಿಯ ಹಾಗೆ ಹಿಡಿದುಕೊಂಡು ನೋಡಿದ.

ತೀರ್ಪುಗಾರರು ಕನ್ನಡಿಯನ್ನು ಮೂತಿಯ ಸಂದಿಗೆ ತೂರಿಸಿ ಟಾರ್ಚು ಬಿಟ್ಟರು. ಸ್ವಲ್ಪ ಹೊತ್ತು ನೋಡಿದರು.

"ನಿಮ್ಮ ಕೊಕ್ಕೆ ಬಿಟ್ಟುಹೋಗಿದೆಯಲ್ಲಪ್ಪ. ಯಾವಾಗಲೋ ಬಿಟ್ಟಿದೆ. ನೆಟ್ಟಗಾಗಿ ನೇತಾಡ್ತಾ ಇದೆ."

"ಸಾಧ್ಯವೇ ಇಲ್ಲ ಮೇಡಂ. ಬಿಟ್ಟಿದ್ದರೆ ಚರಂಡಿ ಹತ್ತಿರವೇ ಎದ್ದು ನನ್ನ ಮುಖಕ್ಕೆ ಬಡೀತಿತ್ತು."

"ಅದನ್ನೇ ನಾನೂ ಕೇಳ್ತಾ ಇರೋದು. ಯಾಕೆ ಏಳಲಿಲ್ಲ? ಈಗಲೂ ಯಾಕೆ ಏಳ್ತಾ ಇಲ್ಲ?"

ಮೇಸ್ತ್ರಿ ಇಳಿದು ಮೂತಿ ಹಿಡಿದು ಎತ್ತಿದ. ಗಾಡಿಯೇ ಎದ್ದೀತು, ಬಾನೆಟ್ಟು ಏಳುವ ಹಾಗಿರಲಿಲ್ಲ. ಸುತ್ತ ಜನ ಸೇರಿತು. ಅಧ್ಯಕ್ಷರು ಪೆಟ್ಟಿಗೆ ಸಮೇತ ಬಂದರು.

ಆಗ ಭಾವಮೈದ ಕೆಮ್ಮಿದ.

"ಭಾವ, ಬೈಬಾರದು," ಅಂದವನೇ ಎಡಗಡೆ ಚಕ್ರದ ಹಿಂದೆ ಕೈ ತೂರಿಸಿ ಏನನ್ನೋ ಕಿತ್ತ. ಕೈಯಲ್ಲಿ ಒಂದು ಕಡ್ಡಿ, ಒಂದು ಕ್ಲಿಪ್ಪು. "ಒಳಗಿನ ಚೌಕಟ್ಟಿಗೇ ಹಾಕಿದೆ. ನಿಮ್ಮ ತಗಡಿಗೆ ಒಂದು ಗೀರೂ ಬಿದ್ದಿಲ್ಲ."

ಮೇಸ್ತ್ರಿ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಭಾವಮೈದ ಮೂತಿ ಹಿಡಿದು ಎತ್ತಿದ. ಏಳಲಿಲ್ಲ. ಅವನ ಮುಖದ ಮೇಲೆ ಬಂದ ಗಲಿಬಿಲಿ ನಿಜವಾದದ್ದು.

"ನಿನ್ನ ಪಿನ್ನೊಂದರಿಂದಲೇ ನಿಂತಿತ್ತು ಅಂದ್ಕೊಂಡಿದ್ಯಾ," ಅಂತ ಟ್ರಂಕಣ್ಣ ಮುಂದೆ ಬಂದ. ಬಲಗಡೆ ಕೈ ಹಾಕಿದ. ಫಟ್ ಅಂತ ಒಂದು ಕೊಂಡಿ ಬಿಟ್ಟ ಸದ್ದು. "ನಾನೂ ಚೌಕಟ್ಟಿಗೇ ಹಾಕಿದ್ದು. ಈಗ ಎತ್ತು."

ಏಳಲಿಲ್ಲ.

"ಸ್ವಲ್ಪ ಸರಿಯಿರಪ್ಪ," ಅಂದಳು ಸೀಟಕ್ಕ. ಸೆರಗು ಸಿಕ್ಕಿಸಿಕೊಂಡು ಗಾಡಿಯ ಮುಂದೆ ಮೊಣಕಾಲೂರಿದಳು. ರೇಡಿಯೇಟರಿನ ಅಡಿಯಿಂದ ಎರಡು ಬೆರಳಗಲದ ಚರ್ಮದ ಪಟ್ಟಿ, ಬಕಲ್ಲಿನ ಸಮೇತ, ಬೆಕ್ಕಿನ ಬಾಲದ ಹಾಗೆ ಹೊರಗೆ ಬಂತು. "ನೀವಿಬ್ಬರೂ ಹಾಕಿದೀರಿ ಅಂತ ಗೊತ್ತಿದ್ದರೆ ನನ್ನ ಒಳ್ಳೇ ಚರ್ಮ ಯಾಕೆ ಹಾಳು ಮಾಡ್ತಿದ್ದೆ?"

"ನೀನೂ ಹಾಕಿದ್ಯಾ ಅಕ್ಕಾ?" ಅಂದ ಟ್ರಂಕಣ್ಣ.

"ಒಂದು ಕಡೆಯಿಂದ ಕೈ ಹಾಕಿದವರಿಗೆ ಇನ್ನೊಂದು ಕಡೆ ಕಾಣುತ್ತಾ?" ಅಂದಳು ಸೀಟಕ್ಕ.

ಜನರಲ್ಲಿ ನಗೆ ಎದ್ದಿತು. ತೀರ್ಪುಗಾರರ ತುಟಿಯ ತುದಿಯೂ ಅಲುಗಿತು. ಅವರು ತಾವೇ ಮೂತಿ ಹಿಡಿದು ಎತ್ತಿದರು.

ಬಾನೆಟ್ಟು ಏಳಲಿಲ್ಲ.

ಈಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜನರ ಹಿಂದೆ ನಿಂತಿದ್ದ ಮೇಸ್ತ್ರಿಯ ಹೆಂಡತಿ ಮುಂದೆ ಬಂದು, ಕೈಚೀಲವನ್ನು ಅವನ ಕೈಗೆ ಕೊಟ್ಟು, ಮಡ್‌ಗಾರ್ಡು ಇಲ್ಲದ ಜಾಗದಲ್ಲಿ ಕೂತು, ಭುಜದ ತನಕ ತೋಳು ಒಳಗೆ ಬಿಟ್ಟಳು. ತುಟಿ ಕಚ್ಚಿಕೊಂಡು ಒಂದು ನಿಮಿಷ ಏನನ್ನೋ ಬಿಡಿಸಿದಳು. ಹಸಿರು ನೈಲಾನ್ ಹಗ್ಗ ಮಾರುಮಾರಾಗಿ ಹೊರಗೆ ಬಂತು. ಎರಡು ಬಟ್ಟೆ ಕ್ಲಿಪ್ಪು ಇನ್ನೂ ಅದಕ್ಕೆ ಕಚ್ಚಿಕೊಂಡಿದ್ದವು.

"ಬಾಣಲೆ ಉಜ್ಜಿದೆ ಅಂದೆ," ಅಂದ ಮೇಸ್ತ್ರಿ.

"ಮತ್ತೇನಂತ ಹೇಳಲಿ? ನಿಮ್ಮ ಚಿಲಕದ ಮೇಲೆ ನಂಬಿಕೆ ಇಲ್ಲ ಅಂತಲ್ಲರೀ. ಆದರೆ ಓಡಿಸೋವಾಗ ಅದು ಎದ್ದು ಮುಖಕ್ಕೆ ಬಡಿದರೆ? ಬಾನೆಟ್ಟು ಬೇಕಾದರೆ ಇನ್ನೊಂದು ಬಡೀಬಹುದು. ನಂಗಿರೋದು ಒಬ್ಬರೇ ಗಂಡ."

ಮೇಸ್ತ್ರಿ ಕೈಯಲ್ಲಿದ್ದ ಗುಂಡಿಯನ್ನು ಮೆಲ್ಲನೆ ಹೆಂಡತಿಯ ಕೈಚೀಲದೊಳಗೆ ಹಾಕಿಬಿಟ್ಟ.

ತೀರ್ಪುಗಾರರು ಬಾನೆಟ್ಟು ಎತ್ತಿದರು. ಬೆಣ್ಣೆಯ ಹಾಗೆ ಎದ್ದಿತು. ಒಳಗೆಲ್ಲ ಟಾರ್ಚು ಬಿಟ್ಟು ನೋಡಿ, ಮತ್ತೆ ಮುಚ್ಚಿ, ಅರ್ಜಿ ತೆಗೆದು ಏಳನೇ ಕಲಮಿಗೆ ಬಂದರು. ಅಲ್ಲಿ ದುಂಡಗೆ ಬರೆದಿದ್ದ 'ಇದೆ'ಯನ್ನು ಹೊಡೆದು ಹಾಕಿ ಮೇಲೆ ಬರೆದರು: 'ನೆರೆಹೊರೆಯವರು.'

ಮುಗಿಯಿತು ಅಂದುಕೊಂಡ ಮೇಸ್ತ್ರಿ. ಆದರೆ ಆ ಹೆಂಗಸು ಹೊರಡಲಿಲ್ಲ. ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಬೆರಳ ತುದಿ ಆಡಿಸತೊಡಗಿದರು. ಗಾಜಿನ ಹತ್ತಿರದಿಂದ ಮೂತಿಯ ತನಕ, ಆ ಅಂಚಿನಿಂದ ಈ ಅಂಚಿಗೆ. ಕುರುಡರು ಮುಖ ಗುರುತು ಹಿಡಿಯುವ ಹಾಗೆ.

"ಒಂದೇ ತಗಡಾ?"

"ಒಂದೇ ಮೇಡಂ."

"ಒಂದೂ ತೂತಿಲ್ಲ."

"ಇಲ್ಲ ಮೇಡಂ."

"ನಲವತ್ತು ವರ್ಷದಿಂದ ನೋಡ್ತಾ ಇದೀನಪ್ಪ. ಇಂಥದ್ದನ್ನು ಮುಟ್ಟಿರಲಿಲ್ಲ," ಅಂದರು. ಚಿಲಕದ ವಿಷಯ ಬೇರೆ, ತಗಡಿನ ವಿಷಯ ಬೇರೆ ಅಂತಲೂ ಅಂದರು. ಅಲ್ಲೇ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಪ್ರಶಸ್ತಿ ಪತ್ರ ತುಂಬಿ, ಗಟ್ಟಿಯಾಗಿ ಓದಿದರು: "ಕೈಕೆಲಸದ ಮೊದಲ ಬಹುಮಾನ. ಕಾರಣ: ಒಂದೂ ತೂತಿಲ್ಲದ ಬಾನೆಟ್ಟು."

ಮೈದಾನ ಚಪ್ಪಾಳೆ ಹೊಡೆಯಿತು. ಟ್ರಂಕಣ್ಣ ಸಿಳ್ಳೆ ಹಾಕಿದ. ಸೀಟಕ್ಕ ಕಣ್ಣೊರೆಸಿಕೊಂಡಳು. ಗುರುತಿಲ್ಲದವರೆಲ್ಲ ಬಂದು ಮೇಸ್ತ್ರಿಯ ಕೈ ಕುಲುಕಿದರು. ಎರಡೂ ಕೈ ಸಾಲದಾಯಿತು. ಫೋಟೋದವನು "ಈ ಕಡೆ, ಈ ಕಡೆ" ಅಂದ. ಪ್ರಶಸ್ತಿ ಪತ್ರವನ್ನು ಎದೆಗೆ ಹಿಡಿದು ನಿಂತ ಮೇಸ್ತ್ರಿಗೆ, ಮೂವತ್ತೆರಡು ವರ್ಷದ ಬಕೆಟ್ಟುಗಳೆಲ್ಲ ಸಾಲಾಗಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವಂತೆ ಕಂಡಿತು.

ಈ ಸಡಗರದ ನಡುವೆ ಅಧ್ಯಕ್ಷರು ಮರದ ಪೆಟ್ಟಿಗೆಯನ್ನು ತೆರೆದಿದ್ದರು. ಅದರೊಳಗಿಂದ ಒಂದು ಹಿತ್ತಾಳೆ ಫಲಕ ಬಂತು. ಆಮೇಲೆ ಬ್ಯಾಟರಿಯ ಡ್ರಿಲ್ಲು.

"ಅದು... ಅದು ಯಾಕೆ ಸಾರ್?" ಅಂದ ಮೇಸ್ತ್ರಿ ಯಾರದೋ ಕೈ ಕುಲುಕುತ್ತಲೇ.

"ಹಿಂಬದಿ ನಿಯಮ ಹತ್ತೊಂಬತ್ತು ಮೇಸ್ತ್ರಿ. ಗೆದ್ದ ಭಾಗದ ಮೇಲೇ ನಮ್ಮ ಫಲಕ ಕೂರಬೇಕು. ಮೊದಲ ಮೇಳದಿಂದ ನಡೆದು ಬಂದಿರೋದು." ಕೆಂಪು ಗಾಡಿಯ ಬಾಗಿಲನ್ನು ಹೆಮ್ಮೆಯಿಂದ ತೋರಿಸಿದರು. "ಅದು ಹೋದ ಸಲ ನಾನೇ ಕೂರಿಸಿದ್ದು."

"ಅಂಟು ಹಾಕಿ ಅಂಟಿಸಿದರೆ ಆಗಲ್ವಾ ಸಾರ್?"

"ಅಂಟಿಸಿದ್ದು ಬಿದ್ದುಹೋಗುತ್ತೆ. ಮೇಳದ ಗೌರವ ದಾರಿಯಲ್ಲಿ ಬೀಳಬಾರದು ನೋಡಿ."

'ಬೇಡ' ಅಂದುಬಿಡಬಹುದಿತ್ತು. ಎರಡೇ ಅಕ್ಷರ. ಆದರೆ ಬೇಡ ಅಂದರೆ ಬಹುಮಾನವೂ ಬೇಡ ಅಂದ ಹಾಗೆ. ಸುತ್ತ ಇನ್ನೂರು ಜನ ತಾನು ಮಾಡಿದ್ದನ್ನು ನಿಂತು ನೋಡುತ್ತಿದ್ದಾರೆ, ಹೆಂಡತಿ ಹಗ್ಗವನ್ನು ಎದೆಗೆ ಅವುಚಿಕೊಂಡು ನಗುತ್ತಿದ್ದಾಳೆ. ಬೆಳಗಿನಿಂದ ಮೂವರಿಗೆ ಪಟಪಟ ಬೇಡ ಅಂದಿದ್ದ ನಾಲಿಗೆ, ಬೇಕಾದ ಹೊತ್ತಿಗೆ ಅಂಗುಳಿಗೆ ಅಂಟಿಕೊಂಡಿತು.

ಕರ್ರ್ರ್.

ಪ್ರಶಸ್ತಿ ಪತ್ರ ಎದೆಗೊತ್ತಿಕೊಂಡೇ ಮೇಸ್ತ್ರಿ ಕಣ್ಣು ಮುಚ್ಚಿದ. ಕರ್ರ್ರ್. ಪಾರಿವಾಳದ ಎದೆಯ ನಟ್ಟನಡುವೆ. ಕರ್ರ್ರ್. ಫೋಟೋದವನು, "ಸ್ವಲ್ಪ ನಗಿ ಸಾರ್," ಅಂದ. ಮೇಸ್ತ್ರಿ ನಕ್ಕ. ಕರ್ರ್ರ್. ಆಮೇಲೆ ನಾಲ್ಕು ರಿವೆಟ್ಟು, ಟಪ್ ಟಪ್ ಟಪ್ ಟಪ್.

ಸಂಜೆ ಮನೆಗೆ ಹೊರಡುವಾಗ ಬಾನೆಟ್ಟನ್ನು ಹೆಂಡತಿಯ ಹಸಿರು ಹಗ್ಗದಿಂದಲೇ ಕಟ್ಟಿದ್ದಾಯಿತು, ಈ ಸಲ ಮೇಲಿಂದಲೇ. ಬೀದಿಯ ಎಲ್ಲ ಕಿಟಕಿಗಳಲ್ಲೂ ಮುಖಗಳಿದ್ದವು. ಷೆಡ್ಡಿನ ಮುಂದೆ ಗಾಡಿ ನಿಂತ ಮೇಲೆ ಎಲ್ಲರೂ ಫಲಕವನ್ನು ಮುಟ್ಟಿ ಮುಟ್ಟಿ ನೋಡಿದರು. ಮೇಸ್ತ್ರಿ ಒಬ್ಬನೇ ದೂರ ನಿಂತು, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನೋಡುತ್ತಿದ್ದ.

"ಏನು ಭಾವ?"

"ಓರೆಯಾಗಿದೆ," ಅಂದ ಮೇಸ್ತ್ರಿ. "ಬಲಗಡೆ ಒಂದು ನೂಲಿನಷ್ಟು ಕೆಳಗಿದೆ. ಸರಿ ಮಾಡಬೇಕು ಅಂದರೆ ಇನ್ನು ನಾಲ್ಕು ತೂತು ಬೇಕು."

ಟ್ರಂಕಣ್ಣ ಬಾನೆಟ್ಟಿನ ಹತ್ತಿರ ಹೋಗಿ, ಫಲಕದ ಪಕ್ಕದಲ್ಲಿ ಕಂಡ ತನ್ನ ಮುಖ ನೋಡಿಕೊಂಡು ಮೀಸೆ ತಿದ್ದಿದ. ಆಮೇಲೆ ಜೇಬಿನಿಂದ ಎರಡು ಕೊಂಡಿ ತೆಗೆದು, ಬಹಳ ಮೆತ್ತಗೆ, ಮೇಸ್ತ್ರಿಗೆ ನೋವಾಗದ ಹಾಗೆ ಕೇಳಿದ.

"ಹೇಗೂ ಡ್ರಿಲ್ಲು ಹಿಡೀತೀಯಲ್ಲ ಮೇಸ್ತ್ರಿ. ನಾಲ್ಕರ ಜೊತೆ ಇನ್ನೆಂಟು?"